ಪಟ್ಟಿ ಪೆಟ್ಟಿಗೆಯದು

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ಕಂಪ್ಯೂಟರ್ ಬಂದದ್ದು ಲೆಕ್ಕ ಬರೆಯುವುದಕ್ಕೆ. ಬೆಂಗಳೂರಿನ ಪ್ಯೂಟ್ರಾನಿಕ್ಸ್ ಸಂಸ್ಥೆ 1986ರಲ್ಲಿ ಶುರುವಾಗಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಕೊಟ್ಟಿತು. ಅದರ ಮೊದಲ ಆವೃತ್ತಿಗಳು ಡಾಸ್ ಮೇಲೆ ನಡೆಯುತ್ತಿದ್ದವು. ತೊಂಬತ್ತರ ದಶಕದಲ್ಲಿ ಅಂಗಡಿಯ ಗಾದಿಯ ಪಕ್ಕಕ್ಕೆ ಬಂದು ಕುಳಿತ ಆ ಭಾರದ ಪೆಟ್ಟಿಗೆಗಳಲ್ಲಿ ಕೆಲವು ಇನ್ನೂ ಅಟ್ಟದ ಮೇಲಿವೆ, ಕೆಂಪು ಬಟ್ಟೆಯ ಖಾತೆ ಪುಸ್ತಕಗಳ ಮಗ್ಗುಲಲ್ಲಿ, ಗೋಣಿಚೀಲ ಹೊದ್ದುಕೊಂಡು. ಹೆಚ್ಚಿನವು ಗುಜರಿಗೆ ಹೋದವು.

ನನಗೆ ಬೇಕಾದ ಒಂದು ಮನೆಯವರು ಅಂಥದೊಂದು ಯಂತ್ರವನ್ನು ಕೆಳಗಿಳಿಸಿದರು. ತೀರಿಹೋದ ಯಜಮಾನರ ಕಾಲದ ಲೆಕ್ಕವನ್ನು ಒಮ್ಮೆ ಕಣ್ಣಿಂದ ನೋಡಬೇಕು ಎನ್ನುವುದು ಮಕ್ಕಳ ಆಸೆ. ಐಬಿಎಂ ಕಂಪನಿ 1984ರಲ್ಲಿ ತಂದ ಎಟಿ ಮಾದರಿಯನ್ನು ನೋಡಿ ಇಲ್ಲಿ ಜೋಡಿಸಿದ ಯಂತ್ರ ಅದು. ಮುಚ್ಚಳ ತೆಗೆದಾಗ ಹಾರ್ಡ್ ಡಿಸ್ಕ್ ಒಳಗೇ ಇತ್ತು. ಅದನ್ನು ಹಿಡಿದಿಡುವ ಪಟ್ಟಿಗಳು ಮಾತ್ರ ಇರಲಿಲ್ಲ. ಯಾರೋ ರಟ್ಟು ಮಡಚಿ ಸಂದಿಗೆ ತುರುಕಿ, ಕಟ್ಟುವ ತಂತಿಯಿಂದ ಬಿಗಿದಿದ್ದರು. ಪೆಟ್ಟಿಗೆಯನ್ನು ಎತ್ತಿದರೆ ಒಳಗೆ ಗಡಗಡ ಅನ್ನುತ್ತಿತ್ತು.

ಈ ಪಟ್ಟಿಗಳ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಎಟಿ ಮಾದರಿಯ ಪೆಟ್ಟಿಗೆಯಲ್ಲಿ ಡ್ರೈವನ್ನು ನೇರವಾಗಿ ತಗಡಿಗೆ ಬಿಗಿಯುವುದಿಲ್ಲ. ಡ್ರೈವ್‌ನ ಎಡ ಬಲಕ್ಕೆ ಒಂದೊಂದು ಉದ್ದನೆಯ ಪಟ್ಟಿಯನ್ನು ಸ್ಕ್ರೂ ಹಾಕಿ ಕೂರಿಸಿ, ಆ ಪಟ್ಟಿಗಳನ್ನು ಪೆಟ್ಟಿಗೆಯೊಳಗಿನ ಜಾಡಿನಲ್ಲಿ ಮುಂದಿನಿಂದ ಹಿಂದಕ್ಕೆ ತಳ್ಳಬೇಕು. ಕೊನೆಗೆ ಮುಂಭಾಗದಲ್ಲಿ ಎರಡು ಚಿಕ್ಕ ತಗಡಿನ ಕ್ಲಿಪ್ಪು ಹಾಕಿದರೆ ಡ್ರೈವ್ ಈಚೆ ಬರುವುದಿಲ್ಲ. ಒಳ್ಳೆಯ ಏರ್ಪಾಡು. ಆದರೆ ಒಂದೊಂದು ಕಂಪನಿ ಒಂದೊಂದು ಆಕಾರದ ಪಟ್ಟಿ ಮಾಡಿತು, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಇವು ಕಳೆದುಹೋಗುವ ರೀತಿಯೇ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು. ಯಾರೂ ಪಟ್ಟಿಯನ್ನು ಬಿಚ್ಚಿ ಎಸೆಯುವುದಿಲ್ಲ. ಡ್ರೈವ್ ಕೆಡುತ್ತದೆ. ರಿಪೇರಿಗೆ ಬಂದವನು ಕ್ಲಿಪ್ಪು ತೆಗೆದು ಡ್ರೈವನ್ನು ಈಚೆ ಎಳೆಯುತ್ತಾನೆ, ಕೆಟ್ಟದ್ದನ್ನು ಒಂದು ಕಡೆ ಇಡುತ್ತಾನೆ. ಪಟ್ಟಿ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಕೆಟ್ಟ ಡ್ರೈವ್ ಗುಜರಿ ಸೇರುವಾಗ ಪಟ್ಟಿಯೂ ಸೇರುತ್ತದೆ. ಹೊಸ ಡ್ರೈವ್ ಬಂದ ಮೇಲೆ ಕೂರಿಸಲು ಏನೂ ಇರುವುದಿಲ್ಲ. ಆಗ ರಟ್ಟು, ತಂತಿ. ಆ ಪಟ್ಟಿ ಡ್ರೈವ್‌ನ ಭಾಗವಾಗಿರಲಿಲ್ಲ, ಪೆಟ್ಟಿಗೆಯ ಆಸ್ತಿಯಾಗಿತ್ತು. ಮೈಗೆ ಅಂಟಿಕೊಂಡಿದ್ದಕ್ಕೆ ಅದನ್ನೂ ಕೆಟ್ಟದ್ದರ ಲೆಕ್ಕಕ್ಕೆ ಹಾಕಿ ಕಳಿಸಿದರು. ನಾವು ಬದುಕಿನಲ್ಲಿ ತೆಗೆದುಹಾಕುವ ಎಷ್ಟೋ ಸಂಗತಿಗಳಲ್ಲಿ ಹೀಗೇ ಆಗಿದೆ ಎಂದು ನನಗೆ ಅನ್ನಿಸುತ್ತದೆ. ಕೆಟ್ಟದ್ದು ಯಾವುದು, ಕೆಟ್ಟದ್ದಕ್ಕೆ ಹೊಂದಿಕೊಂಡಿದ್ದ ಒಳ್ಳೆಯದು ಯಾವುದು ಎಂದು ಬಿಡಿಸಿ ನೋಡುವಷ್ಟು ಹೊತ್ತು ನಾವು ನಿಲ್ಲುವುದಿಲ್ಲ. ಒಂದು ಪದ್ಧತಿ ಬೇಡವಾದಾಗ ಅದರ ಜೊತೆಗಿದ್ದ ಶಿಸ್ತನ್ನೂ ಬಿಡುತ್ತೇವೆ. ಒಬ್ಬ ಮನುಷ್ಯನ ಮೇಲೆ ಸಿಟ್ಟು ಬಂದಾಗ ಅವನಿಂದ ಕಲಿತ ಕೆಲಸವನ್ನೂ ಮೂಲೆಗೆ ಹಾಕುತ್ತೇವೆ. ಬಿಚ್ಚುವುದಕ್ಕೆ ಬೇಕಾಗಿದ್ದುದು ನಾಲ್ಕು ಸ್ಕ್ರೂಗಳಷ್ಟು ತಾಳ್ಮೆ.

ಹಾಗೆಂದು ಎಲ್ಲವೂ ಕಳೆದುಹೋಯಿತು ಎಂದೇನೂ ಅಲ್ಲ. ಇಲ್ಲಿ ಒಂದು ಸಮಾಧಾನದ ಸಂಗತಿ ಇದೆ. 1976ರಲ್ಲಿ ಅಮೆರಿಕದ ಶುಗಾರ್ಟ್ ಅಸೋಸಿಯೇಟ್ಸ್ ಎಂಬ ಕಂಪನಿ ಎಸ್‌ಎ400 ಎಂಬ ಫ್ಲಾಪಿ ಡ್ರೈವ್ ತಂದಿತು. ಅದರೊಳಗೆ ಹೋಗುವ ಫ್ಲಾಪಿ ಐದೂಕಾಲು ಇಂಚಿನದು, ಡ್ರೈವ್‌ನ ಅಗಲ ಐದೂಮುಕ್ಕಾಲು ಇಂಚು, ಅಂದರೆ 146 ಮಿ.ಮೀ., ಎತ್ತರ ಮೂರೂಕಾಲು ಇಂಚು. ಮುಂದೆ ಎತ್ತರ ಅರ್ಧಕ್ಕೆ, ಸುಮಾರು 41 ಮಿ.ಮೀ.ಗೆ ಇಳಿಯಿತು. ಅಗಲ ಮಾತ್ರ ಬದಲಾಗಲೇ ಇಲ್ಲ. ಈ ಪೆಟ್ಟಿಗೆಗಳಿಗೆ ಹಾರ್ಡ್ ಡಿಸ್ಕ್ ಬಂದಾಗ ಅದೇ ಅಗಲದಲ್ಲಿ ಬಂತು, ಸಿಡಿ ಡ್ರೈವ್ ಬಂದಾಗ ಅದೇ ಅಗಲ, ಡಿವಿಡಿಗೂ ಅದೇ. ಪಕ್ಕದ ಸ್ಕ್ರೂ ತೂತುಗಳ ನಡುವಿನ ಅಂತರ 79.2 ಮಿ.ಮೀ. ಎಂಬುದೂ ಹಾಗೆಯೇ ಉಳಿದು ಬಂತು. ಒಳಗಿನ ಯಂತ್ರ ಹತ್ತು ಸಲ ಬದಲಾಯಿತು, ಅದು ಕೂರುವ ಜಾಗದ ಅಳತೆ ಬದಲಾಗಲಿಲ್ಲ. ಆದ್ದರಿಂದಲೇ, ಡ್ರೈವ್ ಕೈಯಲ್ಲಿದ್ದರೆ, ಪಟ್ಟಿ ಹೇಗಿತ್ತು ಎಂದು ಕಣ್ಣಾರೆ ನೋಡದವನೂ ಅದನ್ನು ಮತ್ತೆ ಮಾಡಬಲ್ಲ. ಪೆಟ್ಟಿಗೆಯ ಜಾಡುಗಳ ನಡುವಿನ ಅಗಲ ಅಳೆಯಬೇಕು, ಅದರಲ್ಲಿ 146 ಕಳೆಯಬೇಕು, ಉಳಿದದ್ದನ್ನು ಎರಡು ಭಾಗ ಮಾಡಬೇಕು, ಜಾರುವುದಕ್ಕೆ ಕೂದಲೆಳೆಯಷ್ಟು ಬಿಡಬೇಕು. ಪಟ್ಟಿಯ ದಪ್ಪ ಸಿಕ್ಕಿತು.

ಇಷ್ಟೆಲ್ಲ ಯಾಕೆ, ತಂತಿಯಿಂದ ಕಟ್ಟಿದರೂ ಡಿಸ್ಕ್ ತಿರುಗುತ್ತದಲ್ಲ ಎಂದು ಕೇಳುವವರಿದ್ದಾರೆ. ತಿರುಗುತ್ತದೆ. ಆದರೆ ಆ ಕಾಲದ ಡಿಸ್ಕ್‌ಗಳ ಸ್ವಭಾವ ಬೇರೆ. ಸೀಗೇಟ್ ಕಂಪನಿಯ ಎಸ್‌ಟಿ-225 ಎಂಬುದು ಆಗ ಎಲ್ಲ ಕಡೆ ಇದ್ದ ಡಿಸ್ಕ್. 20 ಮೆಗಾಬೈಟ್ ಹಿಡಿಸುತ್ತಿತ್ತು, ನಿಮಿಷಕ್ಕೆ 3600 ಸುತ್ತು ತಿರುಗುತ್ತಿತ್ತು. ಅದರ ಓದುವ ತಲೆಯನ್ನು ಸರಿಸುವುದು ಸ್ಟೆಪ್ಪರ್ ಮೋಟರು. ತಾನು ಸರಿಯಾದ ಗೆರೆಯ ಮೇಲಿದ್ದೇನೆಯೇ ಎಂದು ಅದು ತಿರುಗಿ ನೋಡಿಕೊಳ್ಳುವುದಿಲ್ಲ, ಇಷ್ಟು ಹೆಜ್ಜೆ ಎಂದರೆ ಅಷ್ಟು ಹೆಜ್ಜೆ ಹೋಗಿ ನಿಲ್ಲುತ್ತದೆ. ಮಲಗಿಸಿದ ಸ್ಥಿತಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ನಿಲ್ಲಿಸಿ ನಡೆಸಿದರೆ ಓದಲು ತಡವರಿಸುತ್ತದೆ. ಬಿಸಿ ಏರಿದರೆ ಲೋಹ ಹಿಗ್ಗಿ ಗೆರೆ ತಪ್ಪುತ್ತದೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಮುಚ್ಚಿದ ತಗಡಿನ ಪೆಟ್ಟಿಗೆಯಲ್ಲಿ, ರಟ್ಟಿನ ಮೇಲೆ ಓರೆಯಾಗಿ ಕುಳಿತು ನಡುಗುತ್ತಿರುವ ಡಿಸ್ಕ್ ಎಷ್ಟು ದಿನ ತನ್ನ ಗೆರೆ ಕಾಯ್ದುಕೊಳ್ಳಬೇಕು? ಸರಿಯಾಗಿ ಕೂತ ಲೋಹದ ಪಟ್ಟಿ ಡಿಸ್ಕಿನ ಬಿಸಿಯನ್ನು ಪೆಟ್ಟಿಗೆಗೆ ದಾಟಿಸುತ್ತದೆ, ಡ್ರೈವ್‌ನ ಮೈಗೆ ಅರ್ಥಿಂಗ್ ಕೊಡುತ್ತದೆ, ನಡುಕ ತಡೆಯುತ್ತದೆ. ಗಾಡಿಯ ಅಚ್ಚಿಗೆ ಕಡಾಣಿ ಹೇಗೋ ಹಾಗೆ. ಹೊಲಕ್ಕೆ ಹೋಗುವಾಗ ಯಾರೂ ಕಡಾಣಿಯನ್ನು ಹೊಗಳುವುದಿಲ್ಲ, ಆದರೆ ಕಡಾಣಿ ಇಲ್ಲದ ಗಾಡಿಗೆ ಚೀಲ ಹೇರುವ ರೈತ ನಮ್ಮಲ್ಲಿಲ್ಲ.

ಪಟ್ಟಿ ಸಿಗದಿದ್ದಾಗ ಸುಲಭದ ದಾರಿ ಒಂದು ಕಾಣುತ್ತದೆ. ಡ್ರಿಲ್ ತಂದು ಪೆಟ್ಟಿಗೆಯ ಪಕ್ಕಕ್ಕೇ ತೂತು ಹೊಡೆಯುವುದು. ಸ್ವಲ್ಪ ಹೊತ್ತಿನ ಕೆಲಸ. ಆ ಮನೆಗೆ ಬಂದಿದ್ದ ತರುಣನೊಬ್ಬ ಅದನ್ನೇ ಹೇಳಿದ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಬೇಡವೆಂದೆ. ಆ ತಗಡು ಮೂವತ್ತು ವರ್ಷ ಒಂದು ಆಕಾರ ಉಳಿಸಿಕೊಂಡು ಬಂದಿದೆ. ನಮಗೆ ಅನುಕೂಲವಾದ ಜಾಗದಲ್ಲಿ ಕೊರೆದರೆ ಮುಂದೆ ಇದರ ನಿಜವಾದ ಪಟ್ಟಿ ಸಿಕ್ಕವನಿಗೆ, ಬೇರೆ ಡ್ರೈವ್ ಹಾಕಬೇಕಾದವನಿಗೆ, ನಮ್ಮ ತೂತು ಅಡ್ಡ ಬರುತ್ತದೆ. ತಗಡಿನ ಪುಡಿ ಮದರ್‌ಬೋರ್ಡ್ ಮೇಲೆ ಬಿದ್ದು ಆಗುವ ಅನಾಹುತ ಬೇರೆ. ಹೊಸದಾಗಿ ಬಂದದ್ದು ಹಳೆಯದರ ಅಳತೆಗೆ ಹೊಂದಿಕೊಳ್ಳಬೇಕು. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ. ಮತ್ತು ಹೊಂದಿಸಿದ್ದು ಯಾವಾಗ ಬೇಕಾದರೂ ಗಾಯವಿಲ್ಲದೆ ಬಿಚ್ಚುವಂತಿರಬೇಕು.

ನಮ್ಮ ಹಾವೇರಿ ಜಿಲ್ಲೆಯಲ್ಲಿ ಹಳೆಯದನ್ನು ಮುಟ್ಟುವ ವಿವೇಕಕ್ಕೆ ದೂರ ಹುಡುಕಬೇಕಿಲ್ಲ. ಹಾನಗಲ್ಲಿನ ತಾರಕೇಶ್ವರ, ಹಾವೇರಿಯ ಸಿದ್ಧೇಶ್ವರ, ಗಳಗನಾಥ, ಚೌಡದಾನಪುರದ ಮುಕ್ತೇಶ್ವರ, ಹೀಗೆ ಚಾಲುಕ್ಯರ ಶೈಲಿಯ ಕಲ್ಲಿನ ಗುಡಿಗಳು ಎಷ್ಟೋ ಇವೆ. ಇಂಥ ಗುಡಿಗಳಲ್ಲಿ ಒಂದು ಕಲ್ಲು ಹೋದ ಜಾಗಕ್ಕೆ ಪುರಾತತ್ವ ಇಲಾಖೆಯವರು ಸಾಮಾನ್ಯವಾಗಿ ಕೆತ್ತನೆಯಿಲ್ಲದ ಸಾದಾ ಕಲ್ಲು ಕೂರಿಸುತ್ತಾರೆ. ಅದು ಭಾರ ಹೊರುತ್ತದೆ. ನಾನೂ ಸಾವಿರ ವರ್ಷದ್ದು ಎಂದು ಸುಳ್ಳು ಹೇಳುವುದಿಲ್ಲ. ಪಕ್ಕದ ಹಳೆಯ ಕಲ್ಲನ್ನು ತನ್ನ ಅಳತೆಗೆ ಒಡೆಯುವುದಿಲ್ಲ.

ಮೊದಲು ನಿಜವಾದ ಪಟ್ಟಿಯನ್ನೇ ಗುಜರಿಯಲ್ಲಿ ಹುಡುಕಿದೆವು. ರಾಣೆಬೆನ್ನೂರಿನಲ್ಲಿ, ಹಾವೇರಿಯಲ್ಲಿ, ಹುಬ್ಬಳ್ಳಿಯಲ್ಲಿ. ಸಿಗಲಿಲ್ಲ. ಇಂಥ ಪಟ್ಟಿ ತೂಕಕ್ಕೆ ಹೋಗುವ ವಸ್ತು, ಅಲ್ಲಿಯವರಿಗೂ ಅದರ ಹೆಸರು ಗೊತ್ತಿಲ್ಲ. ಇದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ.

ಸಿಗದಿದ್ದಾಗ ಮಾಡಿಸಬೇಕಾಯಿತು. ಮಾಡಿಸುವುದು ಎಂದಾಗ ನಮ್ಮ ಕಡೆಯ ವರ್ಕ್‌ಶಾಪ್‌ಗಳ ಬಗ್ಗೆ ನನಗಿರುವ ಗೌರವವನ್ನು ಹೇಳದೆ ಮುಂದೆ ಹೋಗಲಾರೆ. ಬ್ಯಾಡಗಿಯಿಂದ ರಾಣೆಬೆನ್ನೂರು ದಾಟಿ ಹೋದರೆ ಹರಿಹರ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು, ಅದರ ಸುತ್ತ ಯಂತ್ರಾಪುರವೇ ಬೆಳೆಯಿತು. ದೇಶದ ತುಂಬ ಲೇತ್ ಯಂತ್ರಗಳನ್ನು ಕಳಿಸಿದ ಕಾರ್ಖಾನೆ ಅದು. ಕಾರ್ಖಾನೆ ಮುಚ್ಚಿದ ಮೇಲೂ ಅದರ ಲೇತ್‌ಗಳು ನಮ್ಮ ಭಾಗದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ. ಅಲ್ಲಿ ಕೆಲಸ ಮಾಡುವವರಿಗೆ ನಕ್ಷೆ ನೋಡಿ ರೂಢಿಯಿಲ್ಲ, ನಕ್ಷೆಯ ಅಗತ್ಯವೂ ಬಿದ್ದಿಲ್ಲ. ಟ್ರ್ಯಾಕ್ಟರಿನ ಮುರಿದ ಪಿನ್ನು, ಖಾರದ ಪುಡಿ ಮಾಡುವ ಗಿರಣಿಯ ಸವೆದ ಬುಷ್, ಬಿತ್ತುವ ಕೂರಿಗೆಯ ಒಂದು ತುಂಡು ಹಿಡಿದು ರೈತ ಬರುತ್ತಾನೆ, ಇಂಥದ್ದೊಂದು ಬೇಕು ಎನ್ನುತ್ತಾನೆ, ಅವರು ಮಾಡಿಕೊಡುತ್ತಾರೆ. ನಾವು ತೋರಿಸಲು ಮುರಿದ ತುಂಡೂ ಇರಲಿಲ್ಲ. ಖಾಲಿ ಜಾಗ ಮಾತ್ರ ಇತ್ತು.

ನಾವು ಹೋದ ವರ್ಕ್‌ಶಾಪಿನ ಮೇಸ್ತ್ರಿ ಕಂಪ್ಯೂಟರಿನ ಬಗ್ಗೆ ಏನೂ ಕೇಳಲಿಲ್ಲ. ಡ್ರೈವನ್ನು ಅಂಗೈ ಮೇಲಿಟ್ಟು ತೂಗಿ ನೋಡಿ, “ಇದು ಭಾರ ಹೊರೂದೋ, ಬರೇ ಹಿಡಿಯೂದೋ, ಅದನ್ನ ಮೊದಲ ಹೇಳ್ರಿ ಸರ” ಎಂದರು. ಎರಡೂ ಹೌದು, ಒಳಗೆ ತಿರುಗುವುದೂ ಇದೆ ಎಂದೆ. “ಹಂಗಾರ ತಗಡು ಬ್ಯಾಡ್ರಿ. ತಗಡು ಹಿಡೀತೈತಿ, ಆದ್ರ ನಡಗತೈತಿ” ಎಂದರು. ಇಂಜಿನಿಯರಿಂಗ್ ಪುಸ್ತಕದ ಒಂದು ಅಧ್ಯಾಯ ಆ ಎರಡು ಮಾತಿನಲ್ಲಿತ್ತು. ಮೊದಲು ರಟ್ಟು ಕತ್ತರಿಸಿ ಅಳತೆಯ ಮಾದರಿ ಮಾಡಿಕೊಂಡರು, ಅದನ್ನು ಜಾಡಿನೊಳಗೆ ಜಾರಿಸಿ ನೋಡಿದರು, ಆಮೇಲೆ ವರ್ನಿಯರ್ ಹಿಡಿದರು. ಅಲ್ಯೂಮಿನಿಯಂ ಪಟ್ಟಿ ತೆಗೆದುಕೊಳ್ಳುವುದೋ, ಕರೆಂಟಿನ ಬೋರ್ಡುಗಳಿಗೆ ಬಳಸುವ ಹೈಲಂ ತೆಗೆದುಕೊಳ್ಳುವುದೋ ಎಂಬ ಮಾತು ಬಂತು. ಹೈಲಂ ಜಾರಲು ಹಗುರ, ನಡುಕಕ್ಕೂ ಒಳ್ಳೆಯದು, ಆದರೆ ಕರೆಂಟ್ ದಾಟಿಸುವುದಿಲ್ಲ. ಅದನ್ನು ಹಾಕಿದರೆ ಡ್ರೈವ್‌ನ ಮೈಗೆ ಬೇರೆ ಅರ್ಥಿಂಗ್ ತಂತಿ ಎಳೆಯಬೇಕು. ನಾವು ಅಲ್ಯೂಮಿನಿಯಂ ಆರಿಸಿದೆವು. ಸ್ಕ್ರೂವಿನ ತಲೆ ಪಟ್ಟಿಯ ಮೈಗಿಂತ ಒಳಗೆ ಕೂರುವಂತೆ ತೂತಿನ ಬಾಯಿ ಅಗಲಿಸಿದರು, ಇಲ್ಲದಿದ್ದರೆ ಜಾಡಿಗೆ ಉಜ್ಜುತ್ತದೆ. ಕೊನೆಗೆ ಅಂಚುಗಳನ್ನೆಲ್ಲ ಅರದಿಂದ ತಿಕ್ಕಿ ನಯ ಮಾಡಿದರು. ಅದನ್ನು ನಾವು ಕೇಳಿರಲಿಲ್ಲ. ಮುಂದೆ ಇದನ್ನು ಬಿಚ್ಚುವವನ ಕೈ ಕೊಯ್ಯಬಾರದು ಎಂಬುದು ಅವರ ವಿಚಾರ.

ಸ್ಕ್ರೂಗಳ ಬಗ್ಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಹಳೆಯ ಡ್ರೈವ್‌ಗಳನ್ನು ಕೆಡಿಸಿದ್ದರಲ್ಲಿ ಇವುಗಳ ಪಾಲು ದೊಡ್ಡದು. ಕಂಪ್ಯೂಟರ್ ಪೆಟ್ಟಿಗೆಯೊಳಗೆ ಎರಡು ಜಾತಿಯ ಸ್ಕ್ರೂಗಳಿರುತ್ತವೆ, ನೋಡಲು ಬಹುತೇಕ ಒಂದೇ. ಅಮೆರಿಕದ ಇಂಚಿನ ಲೆಕ್ಕದ್ದು 6-32 ಎಂಬುದು, ದಪ್ಪ ಮೂರೂವರೆ ಮಿ.ಮೀ., ಇಂಚಿಗೆ 32 ಥ್ರೆಡ್. ಮೆಟ್ರಿಕ್ ಲೆಕ್ಕದ್ದು ಎಂ3, ದಪ್ಪ ಮೂರು ಮಿ.ಮೀ., ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಅರ್ಧ ಮಿ.ಮೀ. ಹಾರ್ಡ್ ಡಿಸ್ಕ್‌ಗಳು ಸಾಮಾನ್ಯವಾಗಿ ಮೊದಲನೆಯದನ್ನು ಕೇಳುತ್ತವೆ. ಜಪಾನಿನಿಂದ ಬಂದ ಫ್ಲಾಪಿ ಡ್ರೈವ್‌ಗಳು, ಮುಂದೆ ಸಿಡಿ ಡ್ರೈವ್‌ಗಳು ಎರಡನೆಯದನ್ನು. ದೊಡ್ಡ ತೂತಿಗೆ ಸಣ್ಣದು ಹಾಕಿದರೆ ಕುಳಿತ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಸಣ್ಣ ತೂತಿಗೆ ದೊಡ್ಡದನ್ನು ಬಲ ಹಾಕಿ ತಿರುಗಿಸಿದರೆ ಎರಕದ ಅಲ್ಯೂಮಿನಿಯಂನ ಥ್ರೆಡ್ ಪುಡಿಯಾಗಿ ಉದುರುತ್ತದೆ, ಆಮೇಲೆ ಅಲ್ಲಿ ಯಾವುದೂ ನಿಲ್ಲುವುದಿಲ್ಲ. ಉದ್ದ ಹೆಚ್ಚಾದರೆ ಸ್ಕ್ರೂವಿನ ತುದಿ ಒಳಗಿನ ಸರ್ಕಿಟ್ ಬೋರ್ಡಿಗೆ ತಾಗಬಹುದು. ಬೆರಳಿನಿಂದ ಹಗುರವಾಗಿ ತಿರುಗಿಸಿದಾಗ ಮೊದಲ ಎರಡು ಸುತ್ತು ತಾನಾಗಿ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ ಎಂದು ಮೇಸ್ತ್ರಿ ತರುಣನಿಗೆ ಹೇಳಿಕೊಟ್ಟರು. ಬಲ ಬೇಕಾಗುತ್ತಿದೆ ಎಂದರೆ ಎಲ್ಲೋ ಜೋಡಿ ತಪ್ಪಿದೆ. ಸಂಸಾರದಲ್ಲೂ ಊರಿನ ಪಂಚಾಯಿತಿಯಲ್ಲೂ ಇದು ಎಷ್ಟು ನಿಜ ಎಂದು ನಾನು ಅವರ ಎದುರೇ ನಿಂತು ಯೋಚಿಸಿದೆ.

ಈಗ ತ್ರೀಡಿ ಪ್ರಿಂಟಿಂಗ್ ಇದೆ, ಪಟ್ಟಿಯನ್ನು ಹಾಗೆಯೂ ಮಾಡಿಸಬಹುದು. ಆಕಾರ ಜಟಿಲವಾಗಿದ್ದರೆ ಅದೇ ಒಳ್ಳೆಯ ದಾರಿ. ಆದರೆ ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ, ಬಿಸಿಯಾಗುವ ಡಿಸ್ಕಿನ ಮೈಗೆ ತಾಗಿ ಇರುವುದಕ್ಕೆ ಅದು ತಕ್ಕದ್ದಲ್ಲ, ಪಿಇಟಿಜಿ ಕೇಳಿ ಮಾಡಿಸಿ. ಮೂರೂವರೆ ಇಂಚಿನ ಡ್ರೈವನ್ನು ಹಳೆಯ ದೊಡ್ಡ ಜಾಗದಲ್ಲಿ ಕೂರಿಸಬೇಕಾದವರಿಗೂ ಇದು ಅನುಕೂಲ. ಆ ಡ್ರೈವ್‌ನ ಅಗಲ 101.6 ಮಿ.ಮೀ., ಆದ್ದರಿಂದ ಎರಡೂ ಕಡೆ ಇಪ್ಪತ್ತೆರಡು ಮಿ.ಮೀ. ಚಿಲ್ಲರೆ ತುಂಬಬೇಕು.

ಪಟ್ಟಿ ಕೂತಿತು, ಡಿಸ್ಕ್ ತಿರುಗಿತು. ಹೆಚ್ಚಿನ ಫೈಲುಗಳು ಬಂದವು, ಕೆಲವು ಬರಲಿಲ್ಲ. ಪರದೆಯ ಮೇಲೆ ಮೋಟೆಬೆನ್ನೂರು, ಕದರಮಂಡಲಗಿ, ಕಾಗಿನೆಲೆಯ ರೈತರ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಕಂಡವು, ಎದುರಿಗೆ ಡಬ್ಬಿ ಮೆಣಸಿನಕಾಯಿ ಎಷ್ಟು ಚೀಲ, ಕಡ್ಡಿ ಮೆಣಸಿನಕಾಯಿ ಎಷ್ಟು ಚೀಲ, ದರ, ತೂಕ, ಹಮಾಲಿ. ಮಕ್ಕಳು ಬಹಳ ಹೊತ್ತು ಮಾತಾಡಲಿಲ್ಲ. ನನಗೆ ಆ ಅಂಕಿಗಳು ಒಂದು ಮನೆಯ ನೆನಪಿಗಿಂತ ದೊಡ್ಡವಾಗಿ ಕಂಡವು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು, ಹೆಸರು ಉಳಿಯಿತು. ಬೆಳೆದವನಿಗೆ ವರ್ಷ ವರ್ಷ ಏನು ಸಿಕ್ಕಿತು ಎಂಬ ಕಥೆ ಎಲ್ಲಿದೆ? 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ರೈತರ ಸಿಟ್ಟು ನಮ್ಮ ಎಪಿಎಂಸಿಯ ಕಚೇರಿಯ ಮೇಲೆ, ವಾಹನಗಳ ಮೇಲೆ ಹೋಯಿತು. ಬೆಂಕಿ ಹಚ್ಚಿದ್ದು ಸರಿಯಲ್ಲ. ಆದರೆ ದರದ ಬಗ್ಗೆ ಮಾತಾಡುವಾಗ ನಮ್ಮೆಲ್ಲರ ಬಳಿ ಇರುವುದು ಹೋದ ವಾರದ ನೆನಪು ಮಾತ್ರ ಎಂಬುದು ನನ್ನನ್ನು ಕಾಡುತ್ತದೆ. ಯಾವ ಊರಿನ ರೈತ ಯಾವ ತಿಂಗಳಲ್ಲಿ ಎಂಥ ಮಾಲು ತಂದ, ಕೈಗೆ ಎಷ್ಟು ಸಿಕ್ಕಿತು ಎಂಬ ಸಣ್ಣ ವಿವರ ಅಟ್ಟದ ಮೇಲಿನ ಇಂಥ ಪೆಟ್ಟಿಗೆಗಳಲ್ಲಿದೆ, ದಿನದಿನಕ್ಕೆ ಅಳಿಯುತ್ತಿದೆ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಚ್ಚಿ ಓದಿದರಾಯಿತು ಎನ್ನುವಂತಿಲ್ಲ. ಆ ತಲೆಮಾರಿನ ಡಿಸ್ಕ್ ಯಾವ ಕಂಟ್ರೋಲರ್ ಕಾರ್ಡಿನಲ್ಲಿ ಫಾರ್ಮ್ಯಾಟ್ ಆಗಿತ್ತೋ ಬಹಳ ಸಲ ಅದಕ್ಕೇ ಬಾಯಿ ಬಿಡುತ್ತದೆ. ಇಡೀ ಯಂತ್ರ ಇದ್ದ ಹಾಗೇ ಉಳಿಯಬೇಕು.

ಹೀಗೆ ಉಳಿಸಲು ಬೇಕಾಗುವುದನ್ನು ಮೊದಲೇ ಯೋಚಿಸಿದವರೂ ಇದ್ದರು. ಕಾಂಪ್ಯಾಕ್ ಕಂಪನಿಯ ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಮುಂದಿನ ಪ್ಲಾಸ್ಟಿಕ್ ಮುಖ ತೆಗೆದರೆ ಹಿಂದಿನ ತಗಡಿನಲ್ಲಿ ಹೆಚ್ಚುವರಿ ಸ್ಕ್ರೂಗಳನ್ನು ಸಾಲಾಗಿ ತಿರುಗಿಸಿ ಇಟ್ಟಿರುತ್ತಿದ್ದರು. 2002ರಲ್ಲಿ ಎಚ್‌ಪಿ ಆ ಕಂಪನಿಯನ್ನು ಕೊಂಡ ಮೇಲೂ ಈ ರೂಢಿ ನಡೆಯಿತು. ಇಂಚಿನವು ಬೆಳ್ಳಿ ಬಣ್ಣ, ಮೆಟ್ರಿಕ್‌ನವು ಕಪ್ಪು, ಗೊಂದಲವಾಗದಂತೆ. ಎಂದೋ ಒಂದು ದಿನ ಯಾರೋ ಡ್ರೈವ್ ಬದಲಿಸುತ್ತಾರೆ, ಅವರ ಹತ್ತಿರ ಸ್ಕ್ರೂ ಇರುವುದಿಲ್ಲ ಎಂದು ಕಾರ್ಖಾನೆಯಲ್ಲಿ ಕುಳಿತವರು ಮುಂಚೆಯೇ ನೆನೆದಿದ್ದರು. ಮುಖ ಕಾಣದವನಿಗಾಗಿ ಮಾಡಿದ ಈ ಚಿಕ್ಕ ಉಪಕಾರವನ್ನು ನಾನು ದೊಡ್ಡ ಗುಣ ಎಂದು ಎಣಿಸುತ್ತೇನೆ. ಅದನ್ನು ಮಾಡಲು ಕಂಪನಿಯೇ ಆಗಬೇಕೆಂದಿಲ್ಲ.

ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಶಾಲೆಯಲ್ಲೋ ಹಳೆಯ ಕಂಪ್ಯೂಟರ್ ಇದ್ದರೆ ಅದನ್ನು ಕಳಿಸುವ ಮೊದಲು ಮುಚ್ಚಳ ತೆಗೆಯಿರಿ. ಇ-ತ್ಯಾಜ್ಯವನ್ನು ನೋಂದಾಯಿತರಿಗೇ ಕೊಡಬೇಕೆಂಬ ನಿಯಮ ಸರಿಯಾದದ್ದೇ, ಆದರೆ ಕೊಡುವ ಮೊದಲು ಒಳಗಿನ ಲೆಕ್ಕ ಯಾರಿಗಾದರೂ ಬೇಕೇ ಎಂದು ಕೇಳಿ. ಇಟ್ಟುಕೊಳ್ಳುವುದಾದರೆ ಮದರ್‌ಬೋರ್ಡ್ ಮೇಲಿನ ಹಳೆಯ ಬ್ಯಾಟರಿಯನ್ನು ತಿಳಿದವರಿಂದ ತೆಗೆಸಿ, ಅದು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಕೆಟ್ಟ ಡ್ರೈವ್ ಹೋಗಲಿ, ಅದರ ಪಕ್ಕದ ಪಟ್ಟಿ, ಮುಂದಿನ ಕ್ಲಿಪ್ಪು, ಸ್ಕ್ರೂಗಳನ್ನು ಬಿಚ್ಚಿಕೊಳ್ಳಿ. ಒಂದು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಯಾವ ಡ್ರೈವ್‌ನದು, ಎಡದ್ದೋ ಬಲದ್ದೋ ಎಂದು ಚೀಟಿ ಬರೆದು, ಅದೇ ಪೆಟ್ಟಿಗೆಯೊಳಗೆ ಕಟ್ಟಿಡಿ.